ಕಲಬುರಗಿಯ ‘ಒಂದೇ ದಿನ ಏಳು ಗುಡಿ’ ಕಾರ್ ಟ್ರಿಪ್: ರೊಕ್ಕಕ್ಕೆ ತಕ್ಕದ್ದೇ?

ಕಲಬುರಗಿಯಲ್ಲಿ ದೇವರ ದರ್ಶನಕ್ಕೆಂದು ಬಾಡಿಗೆ ಕಾರ್ ಕೇಳಿ ನೋಡಿ, ಹೆಚ್ಚುಕಮ್ಮಿ ಎಲ್ಲರೂ ಒಂದೇ ಪಟ್ಟಿ ಒಪ್ಪಿಸುತ್ತಾರೆ. ಊರಲ್ಲೇ ಶರಣಬಸವೇಶ್ವರ, ಆಮೇಲೆ ದತ್ತಕ್ಷೇತ್ರ ಗಾಣಗಾಪುರ, ಘತ್ತರಗಿ ಭಾಗ್ಯವಂತಿ, ಸನ್ನತಿ ಚಂದ್ರಲಾಂಬ, ಮಳಖೇಡ, ಹುಮನಾಬಾದಿನ ವೀರಭದ್ರೇಶ್ವರ, ಕೊನೆಗೆ ಬೀದರಿನ ಝರಣಿ ನರಸಿಂಹ. ‘ಬೆಳಿಗ್ಗೆ ಐದಕ್ಕೆ ಬಿಟ್ರ ರಾತ್ರಿ ಮನ್ಯಾಗ ಇರ್ತೀರಿ’ ಎಂಬ ಭರವಸೆ ಬೇರೆ. ಕಾರ್ ಚೆನ್ನಾಗಿರುತ್ತದೆ, ಡ್ರೈವರ್‌ಗಳಿಗೆ ದಾರಿ ಕಣ್ಣು ಮುಚ್ಚಿದರೂ ಗೊತ್ತು. ಎಡವುವುದು ಆ ಪಟ್ಟಿಯೇ.

ಲೆಕ್ಕ ಹಾಕಿ. ಈ ಏಳೂ ಸುತ್ತಿ ಕಲಬುರಗಿಗೆ ಬಂದರೆ ಓಟ 400 ಕಿ.ಮೀ. ದಾಟುತ್ತದೆ. ಹೆದ್ದಾರಿ ಬಿಟ್ಟು ಒಳಗಿಳಿದರೆ ಸರಾಸರಿ ವೇಗ ಗಂಟೆಗೆ 40–45ರ ಮೇಲೆ ಏರುವುದಿಲ್ಲ. ಓಟಕ್ಕೇ ಒಂಬತ್ತು ಗಂಟೆ ಹೋಯಿತು. ಗುಡಿಗೆ ಮುಕ್ಕಾಲು ಗಂಟೆಯಂತೆ ಹಿಡಿದರೂ ಮತ್ತೈದು ಗಂಟೆ. ಊಟ, ಚಹಾ, ಪಾಳಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಇದಕ್ಕಿಂತ ದೊಡ್ಡ ತೊಡಕು ಬಾಗಿಲಿನದು. ದೇವರು ಕಿಲೋಮೀಟರ್ ನೋಡಿ ಬಾಗಿಲು ತೆಗೆಯುವುದಿಲ್ಲ. ಗಾಣಗಾಪುರದ ದಿನ ತಿರುಗುವುದು ಮಧ್ಯಾಹ್ನದ ಮಧುಕರಿಯ, ಅಂದರೆ ಮನೆಮನೆ ಭಿಕ್ಷೆಯ ಸುತ್ತ. ಝರಣಿಯಲ್ಲಿ ಪಾಳಿ ಎಷ್ಟುದ್ದ ಎಂಬುದು ಅಲ್ಲಿಗೆ ಹೋದ ಮೇಲೇ ತಿಳಿಯುವುದು. ಸಣ್ಣ ಊರುಗಳಲ್ಲಿ ಪೂಜಾರಿ ಊಟಕ್ಕೆ ಹೋದರೆ ಗರ್ಭಗುಡಿಗೆ ಕೀಲಿ ಬೀಳುತ್ತದೆ. ನಕ್ಷೆಯ ಕ್ರಮದಲ್ಲಿ ಹೊರಟವರು ಏಳರಲ್ಲಿ ಮೂರು ಕಡೆ ಮುಚ್ಚಿದ ಬಾಗಿಲಿಗೆ ಕೈಮುಗಿದು ಬರುತ್ತಾರೆ. ಒಂದು ದಿನದ ಪಟ್ಟಿಗೆ ಐದಕ್ಕೆ ಎರಡು ಅಂಕ. ಅದನ್ನೇ ಎರಡು-ಮೂರು ದಿನಕ್ಕೆ ಒಡೆದು, ಬಾಗಿಲಿನ ಹೊತ್ತು ನೋಡಿ ಜೋಡಿಸಿದರೆ ನಾಲ್ಕು ಕೊಡಬಹುದು.

ಮೊದಲು ಬಾಡಿಗೆಯ ಮಾತು, ಯಾಕೆಂದರೆ ಜಗಳ ಹುಟ್ಟುವುದು ಇಲ್ಲೇ. ಬಾಡಿಗೆ ಎರಡು ಥರ. ಒಂದು ‘ಎಂಟು ತಾಸು, 80 ಕಿ.ಮೀ.’ ಎಂಬ ಲೋಕಲ್ ಲೆಕ್ಕ. ಇನ್ನೊಂದು ಔಟ್‌ಸ್ಟೇಷನ್: ಕಿ.ಮೀ.ಗೆ ಇಷ್ಟು, ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ., ಮೇಲೆ ಡ್ರೈವರ್ ಬಾಟಾ. ಉದಾಹರಣೆಗೆ ಕಿ.ಮೀ.ಗೆ 14 ರೂಪಾಯಿ, ಕನಿಷ್ಠ 300 ಎಂದು ಮಾತಾಯಿತೆನ್ನಿ. ನೀವು ಗಾಣಗಾಪುರಕ್ಕೆ ಮಾತ್ರ ಹೋಗಿ ಬಂದರೂ 4,200 ಎಣಿಸಬೇಕು. ಗಾಣಗಾಪುರ ಕಲಬುರಗಿಯಿಂದ 40 ಕಿ.ಮೀ. ಆಸುಪಾಸು, ಹೋಗಿಬರುವುದು, ಊರೊಳಗಿನ ತಿರುಗಾಟ ಎಲ್ಲ ಸೇರಿ ನೂರರ ಒಳಗೇ. ಅಂಥ ದಿನಕ್ಕೆ ಲೋಕಲ್ ಲೆಕ್ಕ ಹಿಡಿದು, ಹೆಚ್ಚಾದ ಕಿ.ಮೀ.ಗೆ ಪ್ರತ್ಯೇಕ ಕೊಡುವುದೇ ಅಗ್ಗ. ಬೀದರ್ ದಿಕ್ಕಿಗೆ ಹೊರಟ ದಿನ ಔಟ್‌ಸ್ಟೇಷನ್ ಸರಿ, ಕನಿಷ್ಠ ಕಿ.ಮೀ. ಹೇಗೂ ಓಡುತ್ತದೆ.

ಹತ್ತುವ ಮೊದಲು ಮೀಟರ್ ಬೋರ್ಡಿನ ಫೋಟೊ ತೆಗೆಯಿರಿ. ಕಿ.ಮೀ. ನಿಮ್ಮ ಮನೆ ಬಾಗಿಲಿಂದಲೋ ಅವರ ಶೆಡ್ಡಿನಿಂದಲೋ, ಟೋಲ್ ಯಾರ ಫಾಸ್ಟ್‌ಟ್ಯಾಗಿನಿಂದ, ಪಾರ್ಕಿಂಗ್ ಯಾರದು, ರಾತ್ರಿ ಉಳಿದರೆ ಡ್ರೈವರ್ ಮಲಗುವುದೆಲ್ಲಿ, ನಾಲ್ಕನ್ನೂ ಬಾಯಲ್ಲಿ ಮಾತಾಡಿ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಹಳದಿ ಬೋರ್ಡಿನ ಗಾಡಿಯೇ ಇರಲಿ. ಬಿಳಿ ಬೋರ್ಡ್ ನಾಲ್ಕು ಕಾಸು ಸೋವಿ ಇರಬಹುದು. ಆದರೆ ಖಾಸಗಿ ಗಾಡಿಯನ್ನು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ವಿಮೆ ಕೈಕೊಡುತ್ತದೆ. ಗಾಣಗಾಪುರಕ್ಕೆ ಬಂದವರು ಅಕ್ಕಲಕೋಟೆ, ತುಳಜಾಪುರ ಎರಡನ್ನೂ ನಡುದಾರಿಯಲ್ಲಿ ಸೇರಿಸಿಬಿಡುತ್ತಾರೆ. ಎರಡೂ ಮಹಾರಾಷ್ಟ್ರದೊಳಗೆ. ಗಾಡಿಗೆ ಗಡಿ ದಾಟುವ ಪರ್ಮಿಟ್ ಇದೆಯೇ, ಇಲ್ಲದಿದ್ದರೆ ಖರ್ಚು ಯಾರ ಮೇಲೆ ಎಂಬುದನ್ನು ಚೆಕ್‌ಪೋಸ್ಟಿನಲ್ಲಿ ನಿಂತು ಕೇಳಬಾರದು.

ಮೊದಲ ದಿನ ಗಾಣಗಾಪುರಕ್ಕೇ ಇರಲಿ. ಆ ಊರಿಗೆ ಒಂದು ಕ್ರಮವಿದೆ, ಅದನ್ನು ತಿರುಗಾಮುರುಗಾ ಮಾಡಿದರೆ ಇಡೀ ದಿನ ಹದಗೆಡುತ್ತದೆ. ಶರಣಬಸವೇಶ್ವರರಿಗೆ ಬೆಳಿಗ್ಗೆ ಆರರ ಹೊತ್ತಿಗೇ ಕೈಮುಗಿದು ಹೊರಡಿ. ಆ ಹೊತ್ತಿನಲ್ಲಿ ಗುಡಿ ತಣ್ಣಗಿರುತ್ತದೆ, ಕೆರೆ ಕಡೆಯಿಂದ ಗಾಳಿಯೂ ಬರುತ್ತದೆ. ಹೋಳಿ ಹುಣ್ಣಿಮೆಯ ಐದನೇ ದಿನ ಇಲ್ಲಿ ತೇರು. ಆ ವಾರ ಗುಡಿಯ ಸುತ್ತಲಿನ ರಸ್ತೆಗೆ ಕಾರ್ ತರುವ ಆಸೆ ಬಿಡಿ. ಅಫಜಲಪುರ ರಸ್ತೆ ಹಿಡಿದು ಚೌಡಾಪುರದಲ್ಲಿ ತಿರುಗಿದರೆ ಗಾಣಗಾಪುರ. ಹೆಸರು ಕೇಳಿ ಗಾಣಗಾಪುರ ರೋಡ್ ಸ್ಟೇಷನ್ನಿಗೆ ರೈಲು ಟಿಕೆಟ್ ತೆಗೆಸಿ ಇಳಿಯುವವರುಂಟು. ಅಲ್ಲಿಂದ ಊರು ಇನ್ನೂ 20 ಕಿ.ಮೀ.ಗೂ ಹೆಚ್ಚು.

ಊರೊಳಗೆ ಹೋದ ಕೂಡಲೇ ಡ್ರೈವರ್ ಗುಡಿ ಹತ್ತಿರದ ಪಾರ್ಕಿಂಗಿನಲ್ಲಿ ನಿಲ್ಲಿಸುತ್ತಾನೆ. ನಿಲ್ಲಿಸಗೊಡಬೇಡಿ. ಮೊದಲು ಸೀದಾ ಸಂಗಮಕ್ಕೆ. ಭೀಮಾ ಮತ್ತು ಅಮರಜಾ ಕೂಡುವ ಜಾಗ ಗುಡಿಯಿಂದ ಸುಮಾರು ಮೂರು ಕಿ.ಮೀ. ದೂರ. ಸ್ನಾನ ಮುಗಿಸಿ, ಔದುಂಬರ ವೃಕ್ಷಕ್ಕೆ ಪ್ರದಕ್ಷಿಣೆ ಹಾಕಿ, ಆಮೇಲೆ ಊರಿಗೆ ಮರಳಿ ನಿರ್ಗುಣ ಮಠ. ಭೀಮೆಯ ನೀರು ಹವಾಮಾನವನ್ನಷ್ಟೇ ನಂಬಿ ಇರುವುದಿಲ್ಲ. ಮೇಲೆ ಮಹಾರಾಷ್ಟ್ರದಲ್ಲಿ ಉಜನಿ ಡ್ಯಾಮಿನಿಂದ ಬಿಟ್ಟರೆ ಇಲ್ಲಿ ಮೋಡವಿಲ್ಲದ ದಿನವೂ ಹೊಳೆ ಏರುತ್ತದೆ. ಮಳೆಗಾಲದಲ್ಲಿ ಮೆಟ್ಟಿಲ ಮೇಲೆಯೇ ಚೊಂಬಿನಲ್ಲಿ ಮುಗಿಸಿ. ಬೇಸಿಗೆಯಲ್ಲಿ ಸಮಸ್ಯೆ ತಿರುವುಮುರುವು: ನೀರು ನಿಂತು ಹಸಿರುಗಟ್ಟಿರುತ್ತದೆ, ನೀರಂಚಿನ ಮೆಟ್ಟಿಲು ಪಾಚಿಯಿಂದ ಜಾರುತ್ತದೆ. ವಯಸ್ಸಾದವರನ್ನು ಕೊನೆಯ ಎರಡು ಮೆಟ್ಟಿಲಿಗೆ ಒಬ್ಬರನ್ನೇ ಬಿಡಬೇಡಿ.

ನಿರ್ಗುಣ ಮಠದಲ್ಲಿ ಮೂರ್ತಿ ಹುಡುಕಬೇಡಿ. ಇಲ್ಲಿ ಪೂಜೆ ದತ್ತಾವತಾರವೆಂದು ನಂಬುವ ನರಸಿಂಹ ಸರಸ್ವತಿಗಳ ಪಾದುಕೆಗೆ, ಅದೂ ಒಂದು ಸಣ್ಣ ಕಿಂಡಿಯಿಂದ ದರ್ಶನ. ಬಗ್ಗಿ, ಕಣ್ಣು ಆ ಬೆಳಕಿಗೆ ಹೊಂದುವಷ್ಟರಲ್ಲಿ ಹಿಂದಿನವರು ‘ಚಲಾ, ಚಲಾ’ ಎನ್ನುತ್ತಿರುತ್ತಾರೆ. ಪಾಳಿಯಲ್ಲಿ ಅರ್ಧಕ್ಕರ್ಧ ಸೊಲ್ಲಾಪುರ ಕಡೆಯ ಮರಾಠಿ ಮಂದಿ. ಬಿಸಿಲಿನಿಂದ ಒಳಬಂದವರಿಗೆ ಮೊದಲ ಕ್ಷಣ ಕತ್ತಲೆ ಮಾತ್ರ ಕಾಣುತ್ತದೆ. ಹಾಗಾಗಿ ಕಿಂಡಿಗೆ ನಾಲ್ಕು ಹೆಜ್ಜೆ ಇರುವಾಗಲೇ ಒಂದಿಷ್ಟು ಕಣ್ಣು ಮುಚ್ಚಿ ತೆರೆಯಿರಿ, ಕಂಡೀತು. ಮಹಾಮಂಗಳಾರತಿಯ ಹೊತ್ತಿಗೆ ಗಾಳಿ ಸೋಕಿದೆ ಎಂದು ಕರೆತಂದವರ ಕೂಗಾಟ ಇರುತ್ತದೆ. ಸಣ್ಣ ಮಕ್ಕಳು ಬೆದರುತ್ತಾರೆ, ಅವರನ್ನು ಹಿಂದೆ ನಿಲ್ಲಿಸಿಕೊಳ್ಳಿ.

ಇನ್ನು ಮಧುಕರಿ. 12ರ ಆಸುಪಾಸಿಗೆ ಜೋಳಿಗೆ ಹಿಡಿದು ಐದು ಮನೆ ಬೇಡಬೇಕು. ದತ್ತರು ಯಾವುದೋ ರೂಪದಲ್ಲಿ ಈ ಊರಲ್ಲಿ ಭಿಕ್ಷೆಗೆ ಬರುತ್ತಾರೆಂಬ ನಂಬಿಕೆ ಇದರ ಬೆನ್ನಿಗಿದೆ. ಮಾಡಬೇಕೆಂದವರು ತೊಳೆದ ಹತ್ತಿಯ ಚೀಲ ಒಂದು, ಬಾಯಗಲದ ಸ್ಟೀಲ್ ಡಬ್ಬಿ ಒಂದು ಮನೆಯಿಂದಲೇ ತನ್ನಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಸಿ ಅನ್ನ, ಸಾರು ಹಾಕಿಸಿಕೊಂಡರೆ ಎರಡನೇ ಮನೆಯಲ್ಲೇ ಸೋರುತ್ತದೆ. ಒಣದಕ್ಕೆ ಚೀಲ, ಹಸಿದಕ್ಕೆ ಡಬ್ಬಿ. ಬೇಡಲು ಮನಸ್ಸಿಲ್ಲದವರು ನೀಡಬಹುದು: ಹಿಂದಿನ ದಿನ ಬಡಿದ ಕಟಕ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇದಕ್ಕೆ ಹೇಳಿ ಮಾಡಿಸಿದ್ದು, ಮೂರು ತಾಸು ಡಿಕ್ಕಿಯಲ್ಲಿದ್ದರೂ ಕೆಡುವುದಿಲ್ಲ. ಅನ್ನ, ಮೊಸರು ಬೇಡ. ಏಪ್ರಿಲ್ ಬಿಸಿಲಿಗೆ ಹಳಸಿದ್ದನ್ನು ಜೋಳಿಗೆಗೆ ಹಾಕಿದರೆ ಪುಣ್ಯ ಉಳಿಯಲಿಕ್ಕಿಲ್ಲ. ಗುರುವಾರ, ಹುಣ್ಣಿಮೆ, ದತ್ತ ಜಯಂತಿ ಬಂದರೆ ಮೇಲಿನ ಹೊತ್ತಿನ ಲೆಕ್ಕಕ್ಕೆ ಎರಡು ತಾಸು ಸೇರಿಸಿ. ವಿಶೇಷ ಪೂಜೆ ಮಾಡಿಸುತ್ತೇವೆಂದು ಪಾರ್ಕಿಂಗಿನಿಂದಲೇ ಬೆನ್ನು ಹತ್ತುವವರಿಗೆ ಒಂದೇ ಪ್ರಶ್ನೆ: ರಸೀದಿ ಕೊಡ್ತೀರಾ? ಅರ್ಧ ಮಂದಿ ಅಲ್ಲೇ ಉಳಿಯುತ್ತಾರೆ.

ಪ್ರಸಾದ ಮುಗಿಸಿ ನೆರಳಲ್ಲಿ ಕೂತು, ನಾಲ್ಕಕ್ಕೆ ಘತ್ತರಗಿ. ಭಾಗ್ಯವಂತಿಯದೂ ಭೀಮಾ ದಂಡೆಯೇ. ಅಮವಾಸ್ಯೆ ದಿನ ಟ್ರ್ಯಾಕ್ಟರ್, ಟಂಟಂಗಳಲ್ಲಿ ಜನ ಬರುತ್ತಾರೆ, ರಸ್ತೆ ಕಿರಿದು. ಆ ದಿನ ಬಿಡಿ. ಉಳಿದ ದಿನ ಅರ್ಧ ಗಂಟೆ ಸಾಕು, ಕತ್ತಲಾಗುವ ಮೊದಲು ಕಲಬುರಗಿ ಸೇರಬಹುದು. ಕತ್ತಲಾಗುವ ಮೊದಲು ಎಂಬುದಕ್ಕೆ ಕಾರಣವಿದೆ. ನವೆಂಬರಿನಿಂದ ಮಾರ್ಚ್ ತನಕ ಅಫಜಲಪುರ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡುತ್ತವೆ. ಎರಡೆರಡು ಟ್ರಾಲಿ, ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಮೇಲೆ ಕಬ್ಬಿನ ರವದಿ ಇಳಿಬಿದ್ದಿರುತ್ತದೆ. ಎದುರು ಗಾಡಿಯ ಬೆಳಕು ಕಣ್ಣಿಗೆ ಬಿದ್ದ ಕ್ಷಣದಲ್ಲಿ ಟ್ರಾಲಿ ಕಾಣುವುದೇ ಇಲ್ಲ.

ಎರಡನೇ ದಿನಕ್ಕೆ ಹುಮನಾಬಾದ್–ಬೀದರ್ ಆರಿಸಿಕೊಳ್ಳುವುದು ಒಳ್ಳೆಯದು. ಕಲಬುರಗಿಯಿಂದ ಬೀದರಿಗೆ 110 ಕಿ.ಮೀ. ಚಿಲ್ಲರೆ, ದಾರಿ ಪೂರ್ತಿ ರಾಷ್ಟ್ರೀಯ ಹೆದ್ದಾರಿ 50. ಇಲ್ಲೂ ಡ್ರೈವರ್ ಹೇಳುವ ಕ್ರಮ ತಿರುಗಿಸಿ. ಮೊದಲು ಸಿಗುತ್ತದೆಂದು ಹುಮನಾಬಾದಿನಲ್ಲಿ ಇಳಿಯದೆ, ಐದೂವರೆಗೆ ಹೊರಟು ಸೀದಾ ಬೀದರಿಗೆ, ಝರಣಿಗೆ. ಎಂಟರ ಒಳಗೆ ಅಲ್ಲಿದ್ದರೆ ಪಾಳಿ ಕಡಿಮೆ. ಹನ್ನೊಂದಕ್ಕೆ ಹೋದರೆ ಭಾನುವಾರದಂದು ಎರಡು ತಾಸು ಒದ್ದೆ ಬಟ್ಟೆಯಲ್ಲಿ ನಿಲ್ಲಬೇಕಾದೀತು.

ಝರಣಿ ಮಾಮೂಲಿ ಗುಡಿಯಲ್ಲ. ಬೆಟ್ಟದೊಳಗೆ ಕೊರೆದ ಸುರಂಗ, ಉದ್ದ ಸುಮಾರು 300 ಮೀಟರ್. ಅದರ ತುಂಬ ಹರಿಯುವ ನೀರು, ಸೊಂಟದಿಂದ ಎದೆಯ ಮಟ್ಟ. ಕೊನೆಯ ಗೋಡೆಯಲ್ಲಿ ನರಸಿಂಹ, ಪಕ್ಕದಲ್ಲಿ ಲಿಂಗ. ನರಸಿಂಹನಿಂದ ಹತನಾದ ಅಸುರನೇ ನೀರಾಗಿ ಅವನ ಪಾದದಡಿ ಹರಿಯುತ್ತಿದ್ದಾನೆ ಎಂಬುದು ಸ್ಥಳಪುರಾಣ. ಮೂರ್ತಿಯ ಮುಂದಿನ ಜಾಗ ಏಳೆಂಟು ಮಂದಿ ನಿಂತರೆ ಭರ್ತಿ. ಪಾಳಿ ತಡವಾಗುವುದು ಇಲ್ಲಿಯೇ, ಬಾಗಿಲಲ್ಲಲ್ಲ. ಮುಂದಿನವರು ಹೊರಳುವ ತನಕ ನಡುಸುರಂಗದಲ್ಲಿ, ನೀರಿನಲ್ಲಿ, ತಲೆಯ ಮೇಲೆ ಬಾವಲಿ ಕಿಚಕಿಚ ಕೇಳುತ್ತ ನಿಂತಿರಬೇಕು. ಬಾವಲಿ ತಾವಾಗಿ ಯಾರ ತಂಟೆಗೂ ಬರುವುದಿಲ್ಲ. ಗೋಡೆ ತಡವಿಕೊಂಡು ಹೋಗುವಾಗ ಕಾಲಡಿಯ ನೆಲ ಒಂದೇ ಸಮ ಇರುವುದಿಲ್ಲ, ಹೆಜ್ಜೆ ಎತ್ತದೆ ಸವರಿಕೊಂಡು ಇಡಿ. ಉಸಿರಾಟದ ತೊಂದರೆ, ಹೃದಯದ ಕಾಯಿಲೆ, ಇಕ್ಕಟ್ಟಿನ ಭಯ ಇದ್ದವರು ಹೊರಗೇ ಕೈಮುಗಿಯಿರಿ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುವುದು ವಾಡಿಕೆ, ಆದರೆ ಹೊತ್ತವನ ಕೈ ಎರಡೂ ಮಗುವಿನ ಮೇಲಿದ್ದರೆ ಅವನಿಗೆ ಆಸರೆ ಇಲ್ಲ; ಒಬ್ಬರು ಹಿಂದಿರಲಿ.

ಇಲ್ಲಿ ಕಾರಿಗೆ ಸಂಬಂಧಿಸಿದ ಎರಡು ಮಾತು, ಯಾರೂ ಮುಂಚೆ ಹೇಳುವುದಿಲ್ಲ. ಸ್ವಂತ ಗಾಡಿಯಲ್ಲಿ ಬಂದವರು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿಗಿಳಿಯುತ್ತಾರೆ. ಈಗಿನ ರಿಮೋಟ್ ಕೀಲಿಯೊಳಗೆ ನೀರು ಹೊಕ್ಕರೆ ಬಾಗಿಲು ತೆಗೆಯದೆ, ಗಾಡಿ ಸ್ಟಾರ್ಟ್ ಆಗದೆ ಹೋಗಬಹುದು. ಒಬ್ಬರನ್ನು ದಂಡೆಯಲ್ಲಿ ಉಳಿಸಿ, ಸರದಿಯ ಮೇಲೆ ಹೋಗಿ. ಬಾಡಿಗೆ ಗಾಡಿಯಾದರೆ ಜಗಳ ಒದ್ದೆ ಸೀಟಿನದು. ಬಟ್ಟೆ ಬದಲಿಸುವ ಕೋಣೆಯಲ್ಲಿ ಗದ್ದಲವೆಂದು ಹಾಗೇ ಬಂದು ಕೂತರೆ ಸೀಟಿನ ಸ್ಪಂಜ್ ಎರಡು ದಿನ ವಾಸನೆ ಹೊಡೆಯುತ್ತದೆ, ಡ್ರೈವರ್ ತೊಳೆಸುವ ಖರ್ಚು ಕೇಳಿದರೆ ತಪ್ಪೇನಿಲ್ಲ. ಎರಡು ಮೀಟರ್ ದಪ್ಪ ಪ್ಲಾಸ್ಟಿಕ್ ಹಾಳೆ, ಆಳಿಗೊಂದು ಟವೆಲ್, ಒದ್ದೆ ಬಟ್ಟೆಗೆ ಗೊಬ್ಬರದ ಖಾಲಿ ಚೀಲವಾದರೂ ಆದೀತು. ಜೀನ್ಸ್ ಹಾಕಿ ಇಳಿಯಬೇಡಿ, ನೀರು ಕುಡಿದು ಕಾಲೆಳೆಯುತ್ತದೆ. ಮಳೆ ಕೈಕೊಟ್ಟ ವರ್ಷ ನೀರು ತಗ್ಗಿ ಒಳಗೆ ಗಾಳಿ ಸಾಲದೆ ಸುರಂಗ ಮುಚ್ಚುವುದೂ ಉಂಟು. ಹೊರಡುವ ಹಿಂದಿನ ದಿನ ಬೀದರಿನಲ್ಲಿ ಪರಿಚಯದವರು ಯಾರಿದ್ದರೂ ಒಂದು ಫೋನ್ ಮಾಡಿ ಕೇಳಿಕೊಳ್ಳಿ.

ತಿರುಗಿ ಬರುವಾಗ ಜಲಸಂಗಿ. ಹುಮನಾಬಾದಿಗೆ ಹತ್ತು ಕಿ.ಮೀ. ಸುಮಾರಿಗೆ ಒಳಗೆ ತಿರುಗಬೇಕು, ಡ್ರೈವರ್ ‘ಅಲ್ಲೇನೈತಿ ರೀ’ ಎನ್ನುತ್ತಾನೆ. ಅಲ್ಲಿರುವುದು ಕಲ್ಯಾಣ ಚಾಲುಕ್ಯರ ಗುಡಿ, ಹೊರಗೋಡೆಯ ತುಂಬ ಮದನಿಕೆಯರು. ಅವರಲ್ಲೊಬ್ಬಳು ಬೆನ್ನು ಬಾಗಿಸಿ ನಿಂತು ಕೈಯೆತ್ತಿ ಶಾಸನ ಬರೆಯುತ್ತಿದ್ದಾಳೆ, ಬರೆದದ್ದು ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಹೊಗಳಿಕೆ. ಕಲ್ಲಿನ ಹೆಣ್ಣೊಬ್ಬಳು ಕಲ್ಲಿನ ಮೇಲೆ ಅಕ್ಷರ ಕೆತ್ತುವುದು ಅಪರೂಪದ ನೋಟ. ನಡುಮಧ್ಯಾಹ್ನದ ಬೆಳಕು ನೇರ ಬಿದ್ದು ಕೆತ್ತನೆ ಚಪ್ಪಟೆ ಕಾಣುತ್ತದೆ. ನಾಲ್ಕರ ಮೇಲೆ ಓರೆ ಬಿಸಿಲಿಗೆ ಬೆರಳುಗಳೂ ಬಿಡಿಸಿ ಕಾಣುತ್ತವೆ. ಹೀಗಾಗಿ ಮಧ್ಯಾಹ್ನದ ಊಟ ಮಾಣಿಕನಗರದಲ್ಲಿ ಮುಗಿಸಿ, ಸ್ವಲ್ಪ ಹಿಂದಕ್ಕೆ ಬಂದರೂ ಜಲಸಂಗಿಯನ್ನು ಸಂಜೆಗೆ ಇಟ್ಟುಕೊಳ್ಳುವುದು ಲಾಭ. ಮಾಣಿಕನಗರ ಹುಮನಾಬಾದಿಗೆ ಅಂಟಿಕೊಂಡೇ ಇದೆ. ಮಾಣಿಕಪ್ರಭುಗಳು (1817–1865) ಸಮಾಧಿಯಾದ ಜಾಗ, ಪ್ರಸಾದದ ಊಟ ಅಚ್ಚುಕಟ್ಟು. ಊರೊಳಗಿನ ವೀರಭದ್ರೇಶ್ವರ ಗುಡಿಗೆ ಸಂದಿ ರಸ್ತೆ, ಏಳು ಸೀಟಿನ ಗಾಡಿ ಹೆದ್ದಾರಿ ಪಕ್ಕ ಬಿಟ್ಟು ನಡೆದುಹೋಗುವುದೇ ಬೇಗ.

ಬಸವಕಲ್ಯಾಣ ಸೇರಿಸಬೇಕೆ? ಅನುಭವ ಮಂಟಪ, 108 ಅಡಿಯ ಬಸವಣ್ಣ, ಕೋಟೆ, ಪಕ್ಕದ ನಾರಾಯಣಪುರದ ಗುಡಿ, ಅದೇ ಒಂದು ದಿನದ ಕೆಲಸ. ಕಾರಿನಿಂದ ಇಳಿದು ಸೆಲ್ಫಿ ಹೊಡೆದು ಹತ್ತುವುದಾದರೆ ಬೇಡ. ಮನೆಗೆ ಬರುವ ದಾರಿಯಲ್ಲಿ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಸಿಕ್ಕರೆ ತಗೊಳ್ಳಿ. ಭೌಗೋಳಿಕ ಸೂಚ್ಯಂಕ ಪಡೆದ ತಳಿ. ಬೆರಳಿಗೆ ಮೆತ್ತಗಾಗುವ ತನಕ ತಿನ್ನಬೇಡಿ, ಗಟ್ಟಿ ಇದ್ದಾಗ ನಾಲಿಗೆ ಒಗರು.

ಮಳಖೇಡ, ಸನ್ನತಿ ಮೂರನೇ ದಿನಕ್ಕೆ, ಅಥವಾ ಇನ್ನೊಂದು ಭಾನುವಾರಕ್ಕೆ. ಸೇಡಂ ರಸ್ತೆಯಲ್ಲಿ 40 ಕಿ.ಮೀ.ಗೆ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ದಂಡೆಯ ಉತ್ತರಾದಿ ಮಠದಲ್ಲಿ ಮಾಧ್ವ ಯತಿ ಜಯತೀರ್ಥರ, ಅಂದರೆ ಟೀಕಾಚಾರ್ಯರ ವೃಂದಾವನಕ್ಕೆ ಬರುವವರೇ ಹೆಚ್ಚು. ಹೊಳೆ ತುಂಬಿದಾಗ ಮಠದೊಳಗೇ ನೀರು ಬರುತ್ತದೆ, ಆಗಸ್ಟ್–ಸೆಪ್ಟೆಂಬರಿನಲ್ಲಿ ಕೇಳಿಕೊಂಡು ಹೊರಡಿ. ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಸಾಲು, ಓವರ್‌ಟೇಕ್ ಆಸೆ ಬಿಟ್ಟರೆ ಕ್ಷೇಮ. ಅಲ್ಲಿಂದ ಚಿತ್ತಾಪುರ ಮೇಲೆ ಸನ್ನತಿ. 1986ರಲ್ಲಿ ಚಂದ್ರಲಾಂಬ ಆವರಣದ ಕಾಳಿ ಗುಡಿಯ ಛಾವಣಿ ಕುಸಿದಾಗ ಮೂರ್ತಿಯ ಪೀಠಕ್ಕೆ ಹಾಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಹೊರಬಿತ್ತು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯ ಅಸೋಕೋ’ ಎಂಬ ಬರಹದೊಡನೆ ರಾಜನ ಶಿಲ್ಪವೇ ಸಿಕ್ಕಿದೆ. ಗುಡಿ ನೋಡಿ ಅದನ್ನು ಬಿಟ್ಟು ಬರುವ ಟ್ರಿಪ್ ಅರ್ಧ ಟ್ರಿಪ್. ಹೋಟೆಲ್ ನೆಚ್ಚಿಕೊಳ್ಳದೆ ಬುತ್ತಿ ಕಟ್ಟಿಕೊಳ್ಳಿ, ಡೀಸೆಲ್ ಕಲಬುರಗಿಯಲ್ಲೇ ತುಂಬಿಸಿ.

ಯಾದಗಿರಿ ಜಿಲ್ಲೆಯನ್ನು ಇದಕ್ಕೆ ಗಂಟು ಹಾಕಬಾರದು. ಜೇವರ್ಗಿಯಿಂದ ಶಹಾಪುರ, ಸುರಪುರ, ತಿಂಥಣಿ ಮೌನೇಶ್ವರ ಒಂದೇ ಹೆದ್ದಾರಿಯಲ್ಲಿ ಸಾಲಾಗಿವೆ, ಅದೇ ಬೇರೆ ದಿನದ ನೇರ ದಾರಿ. ಆ ಜಿಲ್ಲೆಯ ನಾರಾಯಣಪುರದ ಛಾಯಾ ಭಗವತಿಗೆ ಬಸವಸಾಗರ ಡ್ಯಾಮಿನಿಂದ ಕೃಷ್ಣೆಗೆ ನೀರು ಬಿಟ್ಟ ದಿನ ಹೋಗುವುದು ವ್ಯರ್ಥ, ಗುಡಿಯೇ ನೀರೊಳಗಿರುತ್ತದೆ. ಸಂಕ್ರಾಂತಿಗೆ ಮೈಲಾಪುರ ಮಲ್ಲಯ್ಯನ ಜಾತ್ರೆ. ಗಾಡಿ ದೂರ ನಿಲ್ಲಿಸಿ ನಡೆಯುವವರಿಗೆ ಮಾತ್ರ.

ಎಲ್ಲ ದಾರಿಗೂ ಸಲ್ಲುವ ಮೂರು ಅಡಚಣೆಗಳಿವೆ. ಮಾರ್ಚಿನಿಂದ ಜೂನ್ ತನಕ ಗುಡಿ ಅಂಗಳದ ಶಹಾಬಾದ್ ಫರಸಿ ಹನ್ನೊಂದಕ್ಕೇ ಹಂಚಿನಂತೆ ಕಾಯುತ್ತದೆ. ಚಪ್ಪಲಿ ಹೊರಗೆ ಬಿಟ್ಟು ಓಡುವಾಗಲೇ ಮುದುಕರು ಬೀಳುವುದು. ದಪ್ಪ ಹತ್ತಿ ಕಾಲುಚೀಲ ಹಾಕಿ, ನೈಲಾನ್ ಬೇಡ. ಎರಡನೆಯದು ಮಳೆಗಾಲದ ಎರೆಮಣ್ಣು. ಡಾಂಬರ್ ಬಿಟ್ಟು ಎರಡು ಗಾಲಿ ಕೆಳಗಿಳಿಸಿದರೂ ಸಾಕು, ಮಣ್ಣು ಟೈರಿಗೆ ಸುತ್ತಿ ಮಡ್‌ಗಾರ್ಡಿನೊಳಗೆ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಹೂತುಕೊಳ್ಳುತ್ತದೆ. ಕಟ್ಟಿಗೆಯಿಂದ ಮಣ್ಣು ಕೆರೆದು, ಗಾಲಿ ಕೆಳಗೆ ತೊಗರಿ ಕಟ್ಟಿಗೆಯೋ ಕಲ್ಲೋ ಕೊಟ್ಟು ಹಿಂದಕ್ಕೆ ತೆಗೆಯಬೇಕು. ಮೂರನೆಯದು ಸುಗ್ಗಿಯದು. ತೊಗರಿ ರಾಶಿ ಕಾಲಕ್ಕೆ ಹಳ್ಳಿ ರಸ್ತೆಯ ಮೇಲೆಯೇ ಗಿಡ ಹರವಿ ಗಾಡಿಗಳಿಂದ ತುಳಿಸುತ್ತಾರೆ. ಮೊಣಕಾಲೆತ್ತರದ ರಾಶಿಯ ಮೇಲೆ ಓಡಿಸಿದರೆ ಒಣ ಹೊಟ್ಟು ಕೆಳಗೆ ಬಿಸಿ ಸೈಲೆನ್ಸರಿಗೆ ಸಿಕ್ಕಿಕೊಂಡು ಹೊಗೆಯಾಡುತ್ತದೆ, ಹಾಗೆ ಸುಟ್ಟುಹೋದ ಕಾರುಗಳಿವೆ. ದಾಟಿದ ಮೇಲೆ ನೂರು ಹೆಜ್ಜೆ ಮುಂದೆ ನಿಲ್ಲಿಸಿ ಬಗ್ಗಿ ನೋಡಿ, ಸಿಕ್ಕಿದ್ದನ್ನು ಕೋಲಿನಿಂದ ಎಳೆದು ತೆಗೆಯಿರಿ. ಬರಿಗೈ ಹಾಕಬೇಡಿ, ಸೈಲೆನ್ಸರ್ ಸುಡುತ್ತದೆ.